ಚೈನ್ ಸಾ ಕಾರ್ಬೊರೇಟರ್ ಟ್ಯೂನಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ ಕಡೆಯ ಕಾಫಿ ತೋಟ ನಮ್ಮದು. ಮರಗಸಿ (ನೆರಳಿನ ಮರದ ಕೊಂಬೆ ತೆಗೆಯುವುದು), ಮಳೆಗೆ ಬಿದ್ದ ಮರ ಕೊಯ್ಯುವುದು, ಸೌದೆ ಮಾಡುವುದು ಎಲ್ಲಕ್ಕೂ ಚೈನ್ ಸಾ ಹಿಡಿದು 18 ವರ್ಷ ಆಯಿತು. ಅಕ್ಕಪಕ್ಕದ ತೋಟದವರು, ಮರ ಕೊಯ್ಯುವ ಹುಡುಗರು, ಘಟ್ಟದ ಕೆಳಗಿನ ನೆಂಟರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆ ಬರೆದಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಕಷ್ಟದ್ದು. ಇಲ್ಲಿ ಕೊಟ್ಟ ಲೆಕ್ಕ ಸಾಮಾನ್ಯವಾಗಿ ನಡೆಯುವ ಲೆಕ್ಕ. ನಿಮ್ಮ ಮಿಷನ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಇದ್ದರೆ ಅದನ್ನೇ ನಂಬಿ.

## ಶುರುವಿಗೆ

ಇದೂ ಬೈಕಿನ ಕಾರ್ಬೊರೇಟರ್ ಥರಾನೇ ಅಲ್ವಾ? ಮತ್ತೆ ಮೂರು ಸ್ಕ್ರೂ ಯಾಕೆ?

ಕೆಲಸ ಒಂದೇ, ಒಳಗಿನ ಕಟ್ಟು ಬೇರೆ. ಬೈಕಿನದರಲ್ಲಿ ಕೆಳಗೊಂದು ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇರುತ್ತದೆ. ಬೈಕ್ ಯಾವಾಗಲೂ ನೆಟ್ಟಗೇ ಇರುತ್ತದೆ, ಹಾಗಾಗಿ ಅದು ನಡೆಯುತ್ತದೆ. ಚೈನ್ ಸಾ ಹಾಗಲ್ಲ. ಅಡ್ಡ ಹಿಡಿಯುತ್ತೇವೆ, ಮೂತಿ ಕೆಳಗೆ ಮಾಡುತ್ತೇವೆ, ಮರದ ಮೇಲೆ ಕೂತು ತಲೆಕೆಳಗೂ ಮಾಡುತ್ತೇವೆ. ಬಟ್ಟಲಾಗಿದ್ದರೆ ಪೆಟ್ರೋಲ್ ಚೆಲ್ಲಿಹೋಗುತ್ತಿತ್ತು. ಅದಕ್ಕೇ ಇದರಲ್ಲಿ ಬಟ್ಟಲಿನ ಬದಲು ತೆಳ್ಳನೆಯ ರಬ್ಬರ್ ಪರದೆ ಇದೆ. ಅದನ್ನು ಡಯಾಫ್ರಮ್ ಅನ್ನುತ್ತಾರೆ. ಎಂಜಿನ್ ಎಳೆದಷ್ಟು ಅದು ಒಳಕ್ಕೆ ಬಗ್ಗಿ, ಒಂದು ಪುಟ್ಟ ಸೂಜಿ ಎತ್ತಿ, ಬೇಕಾದಷ್ಟು ಪೆಟ್ರೋಲ್ ಬಿಡುತ್ತದೆ.

ಮೂರು ಸ್ಕ್ರೂಗಳಲ್ಲಿ ಎಲ್ ಅಂತ ಬರೆದಿರುವುದು ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗ) ಮತ್ತು ರೇಸ್ ಏರುವಾಗ ಸಿಗುವ ಪೆಟ್ರೋಲಿಗೆ. ಎಚ್ ಅನ್ನುವುದು ಫುಲ್ ರೇಸ್‌ನಲ್ಲಿ ಸಿಗುವ ಪೆಟ್ರೋಲಿಗೆ. ಮೂರನೆಯದಕ್ಕೆ ಕೆಲವು ಕಂಪನಿಯವರು ಎಲ್‌ಎ ಅಂತಲೂ ಕೆಲವರು ಟಿ ಅಂತಲೂ ಬರೆದಿರುತ್ತಾರೆ. ಅದಕ್ಕೆ ಪೆಟ್ರೋಲ್ ಸಂಬಂಧ ಇಲ್ಲ. ಕೈ ಬಿಟ್ಟಾಗ ಆಕ್ಸಿಲರೇಟರ್ ಎಷ್ಟು ತೆರೆದು ನಿಲ್ಲಬೇಕು ಅಂತ ಹೇಳುವುದಷ್ಟೇ ಅದರ ಕೆಲಸ.

ಯಾವ ಕಡೆ ತಿರುಗಿಸಿದ್ರೆ ಪೆಟ್ರೋಲ್ ಜಾಸ್ತಿ ಆಗುತ್ತೆ?

ಎಲ್ ಮತ್ತು ಎಚ್ ಎರಡನ್ನೂ ಎಡಕ್ಕೆ, ಅಂದರೆ ಬಿಚ್ಚುವ ಕಡೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಬಲಕ್ಕೆ, ಬಿಗಿ ಮಾಡುವ ಕಡೆ ತಿರುಗಿಸಿದರೆ ಕಮ್ಮಿ. ಮೂರನೆಯ ಸ್ಕ್ರೂ ಬಲಕ್ಕೆ ತಿರುಗಿಸಿದರೆ ಸ್ಲೋ ಏರುತ್ತದೆ.

ಬೈಕ್ ರಿಪೇರಿ ಮಾಡಿ ಅಭ್ಯಾಸ ಇದ್ದವರು ಇಲ್ಲಿ ಸ್ವಲ್ಪ ಹುಷಾರಾಗಿರಿ. ಎಷ್ಟೋ ಬೈಕುಗಳಲ್ಲಿ ಇರುವುದು ಏರ್ ಸ್ಕ್ರೂ. ಅದನ್ನು ಬಿಗಿ ಮಾಡಿದರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತದೆ. ಚೈನ್ ಸಾನಲ್ಲಿ ಸರಿಯಾಗಿ ಅದರ ಉಲ್ಟಾ.

ಮಿಷನ್ ಎಳೀತಿಲ್ಲ. ಸ್ಕ್ರೂ ತಿರುಗಿಸಿದ್ರೆ ಸರಿ ಹೋಗುತ್ತಾ?

ಮೊದಲು ಒಂದು ಯೋಚನೆ ಮಾಡಿ. ನಿನ್ನೆ ಚೆನ್ನಾಗಿ ಓಡಿದ ಮಿಷನ್ ಇವತ್ತು ಓಡುತ್ತಿಲ್ಲ ಅಂದರೆ, ರಾತ್ರಿ ಯಾರೂ ಬಂದು ಸ್ಕ್ರೂ ತಿರುಗಿಸಿಲ್ಲ. ಬೇರೆ ಏನೋ ಬದಲಾಗಿದೆ. ಅದನ್ನು ಬಿಟ್ಟು ಸ್ಕ್ರೂಗೆ ಕೈ ಹಾಕಿದರೆ ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ.

ನಾನು ನೋಡುವ ಕ್ರಮ ಹೀಗೆ. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿಯುತ್ತೇನೆ. ಎಣ್ಣೆ ಹಿಡಿದ ಮರದ ಹೊಟ್ಟು ಅಂಟಿ ಬೆಳಕೇ ದಾಟದಿದ್ದರೆ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕುತ್ತೇನೆ. ಆಮೇಲೆ ಪ್ಲಗ್. ಮಸಿ ಒರೆಸಿ, ಗ್ಯಾಪ್ 0.5 ಮಿಲಿಮೀಟರ್ ಹತ್ತಿರ ಇದೆಯಾ ನೋಡುತ್ತೇನೆ. ಟ್ಯಾಂಕಿನ ಒಳಗೆ ಪೈಪಿನ ತುದಿಯಲ್ಲಿ ಒಂದು ಪುಟ್ಟ ಫಿಲ್ಟರ್ ಇರುತ್ತದೆ. ಅದನ್ನು ಕೊಕ್ಕೆ ಮಾಡಿದ ತಂತಿಯಿಂದ ಹೊರಗೆ ಎಳೆದು ನೋಡಬೇಕು. ಕಪ್ಪಗೆ ಜಿಡ್ಡಾಗಿದ್ದರೆ ಬದಲಿಸಿ, ದುಬಾರಿ ಏನಲ್ಲ. ಕೊನೆಗೆ ಸೈಲೆನ್ಸರ್ ಬಾಯಿ. ಅಲ್ಲಿ ಜಾಲರಿ ಇರುವ ಮಾಡೆಲ್ ಆದರೆ ಆ ಜಾಲರಿ ಮಸಿ ಕಟ್ಟಿ ಮುಚ್ಚಿಹೋಗಿರುತ್ತದೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಕೊಯ್ಯುವಾಗ ಕೆಳಗೆ ಬೀಳುವುದನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ಚೈನ್ ಹರಿತ ಇದ್ದರೆ ಚೂರು ಚೂರಾಗಿ, ಅವಲಕ್ಕಿಯಷ್ಟು ದಪ್ಪ ಬೀಳುತ್ತದೆ. ರಾಗಿ ಹಿಟ್ಟಿನ ಹಾಗೆ ನುಣ್ಣಗೆ ಬಿದ್ದರೆ ಚೈನ್ ಮೊಂಡಾಗಿದೆ ಅಂತ ಅರ್ಥ. ‘ಮಿಷನ್ ಎಳೀತಿಲ್ಲ’ ಅಂತ ನನ್ನ ಹತ್ತಿರ ತಂದದ್ದರಲ್ಲಿ ಎಷ್ಟೋ ಮಿಷನ್‌ಗಳಿಗೆ ಅರ ಹಾಕಿ ಚೈನ್ ಮಸೆದು ಕಳಿಸಿದ್ದೇನೆ, ಅಷ್ಟೇ.

ಪೆಟ್ರೋಲಿಗೆ ಆಯಿಲ್ ಎಷ್ಟು? ಸ್ವಲ್ಪ ಜಾಸ್ತಿ ಹಾಕಿದ್ರೆ ಎಂಜಿನ್‌ಗೆ ಒಳ್ಳೇದಲ್ವಾ?

ಮಿಷನ್ ಕಂಪನಿಯವರದ್ದೇ ಒಳ್ಳೆಯ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಲ್ಲಿ ಬೆರೆಸುವ ಆಯಿಲ್) ಆದರೆ ಸಾಮಾನ್ಯವಾಗಿ 50ಕ್ಕೆ 1, ಅಂದರೆ ಒಂದು ಲೀಟರಿಗೆ 20 ಮಿಲಿ. ಬೇರೆ ಸಾಧಾರಣ ಟೂಟಿ ಆಯಿಲ್ ಆದರೆ 25ಕ್ಕೆ 1, ಲೀಟರಿಗೆ 40 ಮಿಲಿ ಹಾಕಿ ಅನ್ನುವ ಕಂಪನಿಗಳೂ ಇವೆ. ಕಣ್ಣಳತೆ ಬೇಡ. ನಾನು ದನಕ್ಕೆ ಇಂಜೆಕ್ಷನ್ ಕೊಡುವ 20 ಮಿಲಿ ಸಿರಿಂಜ್ ಒಂದನ್ನು ಇದಕ್ಕಂತಲೇ ಇಟ್ಟಿದ್ದೇನೆ. ಒಂದು ಸಲ ಎಳೆದರೆ ಒಂದು ಲೀಟರಿಗೆ ಸರಿ.

ಜಾಸ್ತಿ ಹಾಕಿದರೆ ಒಳ್ಳೆಯದಾಗುವುದಿಲ್ಲ. ಕಾರ್ಬೊರೇಟರಿನ ತೂತು ಅಷ್ಟೇ ಇರುತ್ತದಲ್ವಾ? ಅದರಲ್ಲಿ ಹೋಗುವ ದ್ರವದಲ್ಲಿ ಆಯಿಲ್ ಪಾಲು ಏರಿದರೆ ಪೆಟ್ರೋಲ್ ಪಾಲು ಇಳಿಯುತ್ತದೆ. ಎಂಜಿನ್‌ಗೆ ಪೆಟ್ರೋಲ್ ಕಮ್ಮಿ ಬೀಳುತ್ತದೆ, ಜೊತೆಗೆ ಪ್ಲಗ್, ಸೈಲೆನ್ಸರ್ ಎಲ್ಲ ಮಸಿ. ಆಯಿಲ್ ಅಳತೆ ಬದಲಿಸಿದಾಗಲೆಲ್ಲ ಟ್ಯೂನಿಂಗ್ ಮತ್ತೆ ನೋಡಬೇಕಾಗುತ್ತದೆ. ಒಂದು ಅಳತೆ ಹಿಡಿದು ಅದಕ್ಕೇ ನಿಲ್ಲಿ.

## ಟ್ಯೂನ್ ಮಾಡುವಾಗ

ಕೈ ಹಾಕೋ ಮುಂಚೆ ಏನೇನು ಸಿದ್ಧ ಇರ್ಬೇಕು?

ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ), ಚೈನ್ ಹಾಕಿರಬೇಕು. ಚೈನ್ ಸರಿಯಾದ ಬಿಗಿಯಲ್ಲಿ ಇರಬೇಕು. ಟ್ಯಾಂಕಿನಲ್ಲಿ ಅದೇ ವಾರ ಬೆರೆಸಿದ ಪೆಟ್ರೋಲ್. ಎಂಜಿನ್ ಬಿಸಿಯಾಗಿರಬೇಕು, ಒಂದೆರಡು ದಿಮ್ಮಿ ಕೊಯ್ದು ಬಿಸಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ತಣ್ಣಗಿನ ಎಂಜಿನ್‌ನಲ್ಲಿ ಮಾಡಿದ ಟ್ಯೂನಿಂಗ್ ಬಿಸಿಯಾದ ಮೇಲೆ ನಿಲ್ಲುವುದಿಲ್ಲ.

ಪಂಚೆ, ಲುಂಗಿ ಉಟ್ಟು ದಯವಿಟ್ಟು ಮಾಡಬೇಡಿ. ಸ್ಕ್ರೂ ತಿರುಗಿಸುವಾಗ ಕಣ್ಣು ಕಾರ್ಬೊರೇಟರ್ ಮೇಲೆ ಇರುತ್ತದೆ, ಚೈನ್ ಮೇಲೆ ಇರುವುದಿಲ್ಲ. ಪ್ಯಾಂಟು, ಬೂಟು, ಕಿವಿಗೆ ಮಫ್ ಬೇಕೇ ಬೇಕು. ಮಿಷನ್ ಗಟ್ಟಿ ನೆಲದ ಮೇಲಿಟ್ಟು, ಮೂತಿಯ ಎದುರು ಯಾರೂ ಇಲ್ಲದ ಹಾಗೆ ನೋಡಿಕೊಳ್ಳಿ. ಚೈನ್ ಬ್ರೇಕ್ ಹಾಕಿಕೊಂಡು ಫುಲ್ ರೇಸ್ ಮಾತ್ರ ಕೊಡಬೇಡಿ, ಕ್ಲಚ್ ಸುಟ್ಟುಹೋಗುತ್ತದೆ.

ಯಾರೋ ಎಲ್ಲಾ ಸ್ಕ್ರೂ ತಿರುಗಿಸಿಬಿಟ್ಟಿದ್ದಾರೆ. ಎಲ್ಲಿಂದ ಶುರು ಮಾಡ್ಲಿ?

ಎಂಜಿನ್ ಆಫ್ ಮಾಡಿ. ಎಲ್ ಮತ್ತು ಎಚ್ ಎರಡನ್ನೂ ಬಲಕ್ಕೆ ತಿರುಗಿಸುತ್ತಾ ಹೋಗಿ, ತಾಗಿತು ಅನ್ನಿಸಿದ ಕೂಡಲೇ ನಿಲ್ಲಿಸಿ. ಎರಡು ಬೆರಳಿನ ಬಲ ಸಾಕು. ಸ್ಕ್ರೂ ತುದಿ ಸೂಜಿ ಹಾಗೆ ಚೂಪಾಗಿರುತ್ತದೆ. ಜೋರು ಮಾಡಿದರೆ ತುದಿಯಲ್ಲಿ ಗೀರು ಬೀಳುತ್ತದೆ, ಅದು ಕೂರುವ ಜಾಗವೂ ಹಾಳಾಗುತ್ತದೆ. ಆಮೇಲೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ.

ಅಲ್ಲಿಂದ ಎರಡನ್ನೂ ಸರಿಯಾಗಿ ಒಂದು ಸುತ್ತು ಬಿಚ್ಚಿ. ಬಹಳಷ್ಟು ಮಿಷನ್ ಈ ಜಾಗದಲ್ಲಿ ಸ್ಟಾರ್ಟ್ ಆಗುತ್ತವೆ. ಇದು ಶುರು ಮಾಡುವ ಜಾಗ ಅಷ್ಟೇ, ಇಲ್ಲಿಗೇ ಬಿಟ್ಟು ಮರ ಕೊಯ್ಯಲು ಹೋಗಬೇಡಿ.

ಮೂರರಲ್ಲಿ ಯಾವುದು ಮೊದಲು?

ಎಲ್ ಮೊದಲು, ಆಮೇಲೆ ಸ್ಲೋ ಸ್ಕ್ರೂ (ಎಲ್‌ಎ ಅಥವಾ ಟಿ ಅಂತ ಬರೆದ ಮೂರನೆಯದು), ಆಮೇಲೆ ಎಚ್, ಕೊನೆಗೆ ಸ್ಲೋ ಇನ್ನೊಂದು ಸಲ. ಬಹಳ ಕಾರ್ಬೊರೇಟರ್‌ಗಳಲ್ಲಿ ಫುಲ್ ರೇಸ್ ಇದ್ದಾಗಲೂ ಎಲ್ ದಾರಿಯಿಂದ ಸ್ವಲ್ಪ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಎಚ್ ಸರಿ ಮಾಡಿ ಆಮೇಲೆ ಎಲ್ ಮುಟ್ಟಿದರೆ ಎಚ್ ಮತ್ತೆ ಕೆಡುತ್ತದೆ.

ಎಲ್ ಹೀಗೆ. ಮಿಷನ್ ಸ್ಲೋನಲ್ಲಿ ಓಡುತ್ತಿರಲಿ. ಸ್ಕ್ರೂವನ್ನು ನಿಧಾನಕ್ಕೆ ಬಲಕ್ಕೆ ತಿರುಗಿಸಿ. ಸ್ಪೀಡ್ ಸ್ವಲ್ಪ ಏರುತ್ತದೆ, ಆಮೇಲೆ ಸೊರಗಿ ನಿಲ್ಲುವ ಹಾಗಾಗುತ್ತದೆ. ಈಗ ಎಡಕ್ಕೆ ಬನ್ನಿ. ಮತ್ತೆ ಏರಿ, ಇನ್ನೂ ಎಡಕ್ಕೆ ಹೋದರೆ ಗೊಗ್ಗರು ದನಿಯಾಗಿ ಹೊಗೆ ಬರುತ್ತದೆ. ಇವೆರಡರ ನಡುವೆ ಸ್ಪೀಡ್ ಎಲ್ಲಕ್ಕಿಂತ ಜಾಸ್ತಿ ಇರುವ ಜಾಗ ಹುಡುಕಿ, ಅಲ್ಲಿಂದ ಎಂಟನೇ ಒಂದು ಸುತ್ತು ಎಡಕ್ಕೆ ಇಡಿ. ಟಕ್ಕನೆ ರೇಸ್ ಕೊಟ್ಟು ನೋಡಿ. ತಡವರಿಸದೆ ಏರಬೇಕು.

ರೇಸ್ ಕೊಟ್ಟ ತಕ್ಷಣ ಆಫ್ ಆಗುತ್ತೆ, ಯಾಕೆ?

‘ಬ್ವಾ’ ಅಂತ ಖಾಲಿ ಉಸಿರು ಬಿಟ್ಟು ಸತ್ತರೆ ಎಲ್‌ನಲ್ಲಿ ಪೆಟ್ರೋಲ್ ಕಮ್ಮಿ, ಸ್ವಲ್ಪ ಎಡಕ್ಕೆ. ಹೊಗೆ ಬಿಟ್ಟು, ಮುಗ್ಗರಿಸುತ್ತಾ ನಿಧಾನಕ್ಕೆ ಏರಿದರೆ ಅಥವಾ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ, ಸ್ವಲ್ಪ ಬಲಕ್ಕೆ. ಎರಡಕ್ಕೂ ಜಗ್ಗದಿದ್ದರೆ ಡಯಾಫ್ರಮ್ ಗಟ್ಟಿಯಾಗಿರಬಹುದು.

ಕೈ ಬಿಟ್ರೂ ಚೈನ್ ತಿರುಗ್ತಾನೇ ಇರುತ್ತೆ. ಹಾಗೇ ಕೆಲಸ ಮಾಡಬಹುದಾ?

ಬೇಡ. ಇದೊಂದು ವಿಷಯದಲ್ಲಿ ಸಡಿಲ ಬಿಡಬೇಡಿ. ಮರ ಹತ್ತಿದವನು ಕೊಂಬೆ ಬದಲಿಸುವಾಗ ಮಿಷನ್ ತೊಡೆಯ ಪಕ್ಕದಲ್ಲೇ ನೇತಾಡುತ್ತದೆ.

ಸ್ಲೋ ಸ್ಕ್ರೂ ಎಡಕ್ಕೆ ತಿರುಗಿಸಿ, ಚೈನ್ ಪೂರ್ತಿ ನಿಂತ ಮೇಲೂ ಇನ್ನೂ ಸ್ವಲ್ಪ ಎಡಕ್ಕೆ ಇಡಿ. ಎಂಜಿನ್ ಮಾತ್ರ ಒಂದೇ ಸಮ ಓಡುತ್ತಿರಬೇಕು. ಹೆಚ್ಚಿನ ಮಿಷನ್‌ಗಳಲ್ಲಿ ಇದು ನಿಮಿಷಕ್ಕೆ 2,700-2,800 ಸುತ್ತಿನ ಹತ್ತಿರ. ಎಂಜಿನ್ ಸಾಯುವಷ್ಟು ಇಳಿಸಿದರೂ ಚೈನ್ ತಿರುಗುತ್ತಿದ್ದರೆ ಕಾರ್ಬೊರೇಟರ್ ಬಿಡಿ, ಕ್ಲಚ್ ಸ್ಪ್ರಿಂಗ್ ನೋಡಿ. ಮುರಿದಿರುತ್ತದೆ ಅಥವಾ ಸಡಿಲ ಆಗಿರುತ್ತದೆ.

ಎಚ್ ಸ್ಕ್ರೂ ಸರಿಯಾಯ್ತು ಅಂತ ಕಿವಿಯಲ್ಲಿ ಹೇಗೆ ಗೊತ್ತಾಗುತ್ತೆ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಎಲ್ ತಪ್ಪಾದರೆ ಮಿಷನ್ ಸ್ಟಾರ್ಟ್ ಆಗದೆ ಸತಾಯಿಸುತ್ತದೆ, ಅಷ್ಟೇ. ಎಚ್ ತಪ್ಪಾದರೆ ಪಿಸ್ಟನ್ ಹೋಗುತ್ತದೆ.

ಕಾರಣ ಸರಳ. ಟೂ ಸ್ಟ್ರೋಕ್ ಎಂಜಿನ್‌ಗೆ ಬೇರೆ ಆಯಿಲ್ ಇಲ್ಲ. ಪೆಟ್ರೋಲಿನ ಜೊತೆ ಬಂದ ಆಯಿಲ್ಲೇ ಅದಕ್ಕೆ ಜೀವ. ಒಳಗಿನ ಬಿಸಿ ಇಳಿಸುವುದರಲ್ಲೂ ಆ ಪೆಟ್ರೋಲಿಗೆ ಪಾಲಿದೆ. ಎಚ್ ಬಿಗಿ ಮಾಡಿದಷ್ಟೂ ಪೆಟ್ರೋಲ್ ಕಮ್ಮಿ, ಅದರ ಜೊತೆ ಆಯಿಲೂ ಕಮ್ಮಿ, ಬಿಸಿ ಮಾತ್ರ ಜಾಸ್ತಿ. ಮೋಸ ಏನು ಅಂದರೆ, ಹಾಗೆ ಬಿಗಿ ಮಾಡುತ್ತಾ ಹೋದಾಗ ಮಿಷನ್ ಸದ್ದು ಇನ್ನೂ ಚೆನ್ನಾಗಿ ಕೇಳುತ್ತದೆ. ಸ್ಪೀಡೂ ಏರುತ್ತದೆ. ‘ಭಾರಿ ಕೂಗ್ತಾ ಇದೆ’ ಅಂತ ಖುಷಿಯಾಗುತ್ತದೆ. ಅರ್ಧ ಗಂಟೆಯಲ್ಲಿ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಳ್ಳುತ್ತದೆ.

ಹಾಗಾಗಿ ಎಚ್ ಸ್ಕ್ರೂವನ್ನು ಪೆಟ್ರೋಲ್ ಜಾಸ್ತಿ ಇರುವ ಕಡೆಯಿಂದಲೇ ಶುರು ಮಾಡಿ. ಒಂದು ಸುತ್ತಿಗಿಂತ ಕಾಲು ಸುತ್ತು ಹೆಚ್ಚು ಬಿಚ್ಚಿಡಿ. ಈಗ ಫುಲ್ ರೇಸ್ ಕೊಡಿ, ಮೂರು ನಾಲ್ಕು ಸೆಕೆಂಡ್ ಸಾಕು. ದನಿ ಒಡೆದಿರುತ್ತದೆ. ಬಾಯಲ್ಲಿ ನೀರು ತುಂಬಿಕೊಂಡು ಕೂಗಿದ ಹಾಗೆ ಗುರುಗುರು ಅನ್ನುತ್ತದೆ. ಪೆಟ್ರೋಲ್ ಜಾಸ್ತಿಯಾಗಿ ಪ್ರತಿ ಸುತ್ತಿಗೂ ಬೆಂಕಿ ಹತ್ತುತ್ತಿಲ್ಲ, ಒಂದು ಬಿಟ್ಟು ಒಂದು ಸುತ್ತಿಗೆ ಹತ್ತುತ್ತಿದೆ. ಅದರ ಸದ್ದು ಅದು. ಫೋರ್ ಸ್ಟ್ರೋಕ್ ಬೈಕಿನ ಸದ್ದು ನೆನಪಾಗುವುದೂ ಅದಕ್ಕೇ.

ಎಂಟನೇ ಒಂದು ಸುತ್ತಿನಷ್ಟು ಬಲಕ್ಕೆ ತಿರುಗಿಸಿ, ಮತ್ತೆ ಮೂರು ಸೆಕೆಂಡ್ ರೇಸ್. ಹೀಗೇ ಮಾಡುತ್ತಾ ಹೋದರೆ ಒಂದು ಜಾಗದಲ್ಲಿ ಗುರುಗುರು ಪೂರ್ತಿ ಹೋಗಿ, ಒಂದೇ ಎಳೆಯ ಕೂಗು ಬರುತ್ತದೆ. ಬೇಸಗೆ ಮಧ್ಯಾಹ್ನ ತೋಟದಲ್ಲಿ ಜೀರುಂಡೆ ಕೂಗುತ್ತದಲ್ಲ, ಆ ಥರ. ಅಲ್ಲಿ ನಿಲ್ಲಿಸಿ. ಅದು ನಿಮಗೆ ಬೇಕಾದ ಜಾಗ ಅಲ್ಲ, ದಾಟಬಾರದ ಗೆರೆ. ಅಲ್ಲಿಂದ ವಾಪಸ್ ಎಡಕ್ಕೆ ಬಂದು, ಗುರುಗುರು ಸ್ವಲ್ಪ ಮತ್ತೆ ಕೇಳುವ ಕಡೆ ಇಡಿ.

ಈಗ ಮರಕ್ಕೆ ಇಡಿ. ನಿಮ್ಮ ಬಾರಿನ ಅರ್ಧಕ್ಕಿಂತ ದಪ್ಪದ ದಿಮ್ಮಿ ಇರಲಿ. ಚೈನ್ ಮರ ಕಚ್ಚಿದ ಕೂಡಲೇ ಗುರುಗುರು ಹೋಗಿ ದನಿ ಸಾಫ್ ಆಗಬೇಕು. ಸ್ವಲ್ಪ ಎತ್ತಿ ಭಾರ ತೆಗೆದರೆ ಮತ್ತೆ ಗುರುಗುರು ಬರಬೇಕು. ಕಚ್ಚಿದರೆ ಸಾಫ್, ಎತ್ತಿದರೆ ಗುರುಗುರು. ಇದು ಬಂತು ಅಂದರೆ ಮಿಷನ್ ಸರಿಯಾಗಿದೆ. ಮರದ ಒಳಗೂ ಗುರುಗುರು ಹೋಗದಿದ್ದರೆ ಪೆಟ್ರೋಲ್ ಇನ್ನೂ ಜಾಸ್ತಿ ಇದೆ, ಒಂಚೂರು ಬಲಕ್ಕೆ. ಎತ್ತಿದಾಗಲೂ ಜೀರುಂಡೆಯೇ ಕೂಗುತ್ತಿದ್ದರೆ ಎಡಕ್ಕೆ, ತಡ ಮಾಡಬೇಡಿ.

ಕಿವಿ ಪಳಗಲು ನಾಲ್ಕೈದು ಸಲ ಬೇಕು. ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ.

ಆರ್‌ಪಿಎಂ ನೋಡೋ ಮೀಟರ್ ಬೇಕೇ ಬೇಕಾ?

ಇದ್ದರೆ ಒಳ್ಳೆಯದು. ಪ್ಲಗ್ ವೈರಿಗೆ ಸುತ್ತಿ ನೋಡುವ ಮೀಟರ್ ಸಿಗುತ್ತದೆ. ಟೂ ಸ್ಟ್ರೋಕ್ ಸೆಟ್ಟಿಂಗ್ ಇರುವುದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪು ತೋರಿಸುತ್ತದೆ. ಭಾರ ಇಲ್ಲದೆ ಎಷ್ಟರವರೆಗೆ ಹೋಗಬಹುದು ಅನ್ನುವುದು ಮಾಡೆಲ್ ಮೇಲೆ. ಹೆಚ್ಚಿನವು 12,000ದಿಂದ 14,000 ನಡುವೆ ಬರುತ್ತವೆ. ಪುಸ್ತಕದಲ್ಲಿ ಕೊಟ್ಟ ಸಂಖ್ಯೆಗಿಂತ ಕೆಲವು ನೂರು ಕೆಳಗೇ ಇಡಿ. ಮೀಟರ್ ಇದ್ದರೂ ದಿಮ್ಮಿಗೆ ಇಟ್ಟು ಕಿವಿಯಲ್ಲಿ ಕೇಳುವುದನ್ನು ಬಿಡಬೇಡಿ.

## ನಮ್ಮ ಕಡೆಯ ತೊಂದರೆಗಳು

ಘಟ್ಟದ ಮೇಲೆ ಚೆನ್ನಾಗಿ ಓಡ್ತಿದ್ದ ಮಿಷನ್, ಕೆಳಗೆ ತಂದ್ಮೇಲೆ ಯಾಕೆ ಬೇರೆ ಥರ ಕೂಗುತ್ತೆ?

ಗಾಳಿ ಬೇರೆ. ಎತ್ತರಕ್ಕೆ ಹೋದಷ್ಟು ಗಾಳಿ ತೆಳು. 1,000 ಮೀಟರ್ ಮೇಲೆ, ಸಮುದ್ರದ ಮಟ್ಟಕ್ಕಿಂತ ಸುಮಾರು ನೂರಕ್ಕೆ ಹತ್ತು ಪಾಲು ತೆಳು. ಮಡಿಕೇರಿ, ಚಿಕ್ಕಮಗಳೂರು ಎರಡೂ 1,000 ಮೀಟರಿಗಿಂತ ಮೇಲಿವೆ. ಮಂಗಳೂರು ಸಮುದ್ರದ ಪಕ್ಕ. ಅಲ್ಲಿ ಟ್ಯೂನ್ ಮಾಡಿದ ಮಿಷನ್ ಮೇಲೆ ತಂದರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತದೆ. ಹೊಗೆ ಬರುತ್ತದೆ, ಶಕ್ತಿ ಕಮ್ಮಿ, ಆದರೆ ಎಂಜಿನ್‌ಗೆ ಅಪಾಯ ಇಲ್ಲ. ಮೇಲೆ ಟ್ಯೂನ್ ಮಾಡಿದ್ದನ್ನು ಕೆಳಗೆ ಒಯ್ದರೆ ಉಲ್ಟಾ. ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಒಂದು ಮೇ ತಿಂಗಳಲ್ಲಿ ಗಾಳಿ ಮಳೆಗೆ ಬೆಳ್ತಂಗಡಿ ಹತ್ತಿರ ಅತ್ತೆಯ ಮನೆ ಅಂಗಳದ ಮಾವಿನ ಮರ ದನದ ಕೊಟ್ಟಿಗೆ ಮೇಲೆ ಬಿತ್ತು. ಮಿಷನ್ ಜೀಪಿಗೆ ಹಾಕಿಕೊಂಡು ಚಾರ್ಮಾಡಿ ಇಳಿದು ಹೋದೆ. ಇಲ್ಲಿ ಹಿಂದಿನ ದಿನವಷ್ಟೇ ಟ್ಯೂನ್ ಆಗಿತ್ತು, ಗೆರೆಯ ಹತ್ತಿರವೇ ಇತ್ತು. ಅಲ್ಲಿ ಸ್ಟಾರ್ಟ್ ಮಾಡಿದಾಗ ಎಂದೂ ಇಲ್ಲದಷ್ಟು ಚುರುಕಾಗಿ ಕೂಗಿತು. ದೊಡ್ಡ ಕೊಂಬೆ ಎರಡು ಕೊಯ್ದೆ. ಮೂರನೆಯದರ ನಡುವೆ ಸದ್ದು ಒಮ್ಮೆ ಇಳಿಯಿತು, ಆಮೇಲೆ ಕೀರ್ ಅಂತ ನಿಂತಿತು. ಹಗ್ಗ ಎಳೆದರೆ ಅಲುಗಲಿಲ್ಲ. ಸೈಲೆನ್ಸರ್ ಬಿಚ್ಚಿ ನೋಡಿದರೆ ಪಿಸ್ಟನ್ ಮೇಲೆ ಉದ್ದಕ್ಕೆ ಗೀರು, ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಆಳ. ಪಿಸ್ಟನ್, ಸಿಲಿಂಡರ್ ಎರಡೂ ಬದಲಿಸಬೇಕಾಯಿತು. ಉಳಿದ ಮರವನ್ನು ಅತ್ತೆಯ ಮಕ್ಕಳು ಎರಡು ದಿನ ಕೊಡಲಿಯಲ್ಲಿ ಕಡಿದರು.

ಅಂದಿನಿಂದ ಘಟ್ಟ ಇಳಿಯುವ ಮುಂಚೆ ಎಚ್ ಸ್ಕ್ರೂ ಕಾಲು ಸುತ್ತು ಎಡಕ್ಕೆ ತಿರುಗಿಸಿಯೇ ಹೊರಡುತ್ತೇನೆ. ಅಲ್ಲಿ ಹೋಗಿ ದಿಮ್ಮಿಗೆ ಇಟ್ಟು ಸರಿ ಮಾಡಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ. ಎತ್ತರದಷ್ಟು ಅಲ್ಲದಿದ್ದರೂ ಡಿಸೆಂಬರ್ ಚಳಿಯ ಬೆಳಿಗ್ಗೆ ಗಾಳಿ ದಟ್ಟ ಇರುತ್ತದೆ. ಏಪ್ರಿಲ್ ಬಿಸಿಲಲ್ಲಿ ಗೆರೆಯ ಹತ್ತಿರ ಟ್ಯೂನ್ ಮಾಡಿಟ್ಟ ಮಿಷನ್ ಆಗ ಒಮ್ಮೆ ಕೇಳಿ ನೋಡುವುದು ಒಳ್ಳೆಯದು.

ಮಳೆಗಾಲ ಮುಗಿದ್ಮೇಲೆ ತೆಗೆದ್ರೆ ಸ್ಟಾರ್ಟೇ ಆಗಲ್ಲ. ಏನು ಮಾಡ್ಬೇಕಿತ್ತು?

ಒಳಗಿಡುವ ದಿನ ಟ್ಯಾಂಕ್ ಖಾಲಿ ಮಾಡಬೇಕಿತ್ತು. ಖಾಲಿ ಮಾಡಿದ ಮೇಲೂ ಮಿಷನ್ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೂ ಸ್ಲೋನಲ್ಲಿ ಓಡಿಸಬೇಕು. ಕಾರ್ಬೊರೇಟರಲ್ಲಿ ಉಳಿದ ಪೆಟ್ರೋಲ್ ಆರಿಹೋದರೆ ಆಯಿಲ್ ಅಂಟಾಗಿ ಕೂರುತ್ತದೆ, ಸೂಜಿ ಅಂಟಿಕೊಳ್ಳುತ್ತದೆ, ಡಯಾಫ್ರಮ್ ಗಟ್ಟಿಯಾಗುತ್ತದೆ. ಈಗಾಗಲೇ ಹಾಗಾಗಿದ್ದರೆ ಹೊಸ ಪೆಟ್ರೋಲ್ ಹಾಕಿ, ಹೊಸ ಪ್ಲಗ್ ಹಾಕಿ ನೋಡಿ. ಅದಕ್ಕೂ ಏಳದಿದ್ದರೆ ಬಿಚ್ಚಿ ತೊಳೆಯುವುದೇ ದಾರಿ. ಸ್ಕ್ರೂ ಮುಟ್ಟಿ ಪ್ರಯೋಜನ ಇಲ್ಲ.

ಇ20 ಪೆಟ್ರೋಲ್ ಬಂದ್ಮೇಲೆ ತೊಂದರೆ ಜಾಸ್ತಿ ಆಗಿದೆ ಅಂತಾರೆ. ನಿಜನಾ?

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಬಿಡುಗಡೆಯಾಯಿತು. ನೂರಕ್ಕೆ 20 ಪಾಲು ಎಥನಾಲ್. ಬಹಳ ಚೈನ್ ಸಾ ಕಂಪನಿಗಳು ತಮ್ಮ ಪುಸ್ತಕದಲ್ಲಿ 10 ಪಾಲಿನವರೆಗೆ ಪರವಾಗಿಲ್ಲ ಅಂದಿವೆ. ನಿಮ್ಮದರಲ್ಲಿ ಏನಿದೆ ನೋಡಿ.

ಟ್ಯೂನಿಂಗ್ ವಿಷಯಕ್ಕೆ ಬಂದರೆ, ಎಥನಾಲ್‌ನಲ್ಲೇ ಆಮ್ಲಜನಕ ಇರುತ್ತದೆ. ಅದೇ ಗಾಳಿಗೆ ಸ್ವಲ್ಪ ಜಾಸ್ತಿ ದ್ರವ ಬೇಕಾಗುತ್ತದೆ. ಹಳೆಯ ಪೆಟ್ರೋಲಿಗೆ ಸರಿ ಮಾಡಿದ ಎಚ್ ಈಗ ಬಿಗಿ ಆದ ಲೆಕ್ಕವೇ. ಒಂಚೂರು ಎಡಕ್ಕೆ ಬೇಕಾಗುತ್ತದೆ.

ಇನ್ನೂ ದೊಡ್ಡ ತೊಂದರೆ ನೀರಿನದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಜುಲೈನಲ್ಲಿ ತೇವಕ್ಕೆ ಬರ ಇಲ್ಲವಲ್ಲ. ಹೀರಿದ ನೀರು ಒಂದು ಮಿತಿ ದಾಟಿದರೆ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಟೂಟಿ ಆಯಿಲ್ ಮೇಲಿನ ಪೆಟ್ರೋಲಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ. ಅದು ಎಳೆಯುವುದು ಆಯಿಲ್ ಇಲ್ಲದ ನೀರು ಮಿಶ್ರಣ. ಹಾಗಾಗಿ ಹಳೆಯ ಕ್ಯಾನಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಇಟ್ಟು ನೋಡಿ. ತಳದಲ್ಲಿ ಮಬ್ಬಾದ ಬೇರೆ ಪದರ ಕಂಡರೆ ಮಿಷನ್‌ಗೆ ಹಾಕಬೇಡಿ. ನಾನು ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸುತ್ತೇನೆ.

ಸ್ಕ್ರೂಗೆ ಪ್ಲಾಸ್ಟಿಕ್ ಟೋಪಿ ಇದೆ, ಸ್ವಲ್ಪ ತಿರುಗಿ ನಿಂತುಬಿಡುತ್ತೆ. ಕೆಲವರದ್ರಲ್ಲಿ ಸ್ಕ್ರೂನೇ ಇಲ್ಲ. ಯಾಕೆ?

ಹೊಗೆ ಮಿತಿಯ ಕಾನೂನಿಗಾಗಿ ಕಂಪನಿಯವರು ಹಾಕಿದ ತಡೆ ಅದು. ಆ ಟೋಪಿಯ ಮಿತಿಯೊಳಗೆ ಸರಿಯಾಗದಿದ್ದರೆ ತೊಂದರೆ ಬೇರೆ ಕಡೆ ಇದೆ ಅಂತ ತಿಳಿಯಿರಿ, ಟೋಪಿ ಕಿತ್ತು ಬಿಸಾಡಬೇಡಿ. ಕೆಲವು ಚಿಕ್ಕ ಮಿಷನ್‌ಗಳಲ್ಲಿ ಎಚ್ ಕಂಪನಿಯಲ್ಲೇ ಕಾಯಂ ಮಾಡಿರುತ್ತಾರೆ. ಸ್ಟಿಲ್ ಕಂಪನಿಯ ಎಂ-ಟ್ರಾನಿಕ್, ಹಸ್ಕ್‌ವರ್ನಾದ ಆಟೋಟ್ಯೂನ್ ಇರುವವು ಎತ್ತರ, ಬಿಸಿ, ಪೆಟ್ರೋಲ್ ನೋಡಿಕೊಂಡು ತಾವೇ ಸರಿ ಮಾಡಿಕೊಳ್ಳುತ್ತವೆ. ಅವಕ್ಕೆ ಈ ಪುಟದ ಟ್ಯೂನಿಂಗ್ ಬೇಡ. ಸ್ಕ್ರೂ ತಲೆ ಹಲ್ಲು ಹಲ್ಲಾಗಿಯೋ ಅರ್ಧ ಚಂದ್ರನ ಥರವೋ ಇದ್ದರೆ ಅದಕ್ಕೆ ಬೇರೆ ಸ್ಕ್ರೂಡ್ರೈವರ್ ಸಿಗುತ್ತದೆ, ಇಕ್ಕಳ ಹಾಕಿ ತಿರುಗಿಸಬೇಡಿ.

## ಕೈ ಪಳಗಿದವರಿಗೆ

ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತುಬಿಡುತ್ತೆ. ಸ್ವಲ್ಪ ಹೊತ್ತು ಬಿಟ್ರೆ ಮತ್ತೆ ಓಡುತ್ತೆ. ಕಾರ್ಬೊರೇಟರ್ರಾ?

ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ನಿಧಾನಕ್ಕೆ ಸಡಿಲಿಸಿ. ಸುಯ್ ಅಂತ ಗಾಳಿ ಒಳಗೆ ಹೋಗಿ, ಆಮೇಲೆ ಮಿಷನ್ ಓಡಿದರೆ ಟ್ಯಾಂಕಿನ ಉಸಿರು ಕಟ್ಟಿದೆ. ಪೆಟ್ರೋಲ್ ಖರ್ಚಾದಷ್ಟು ಗಾಳಿ ಒಳಗೆ ಬರಲು ಒಂದು ಸಣ್ಣ ಬ್ರೀದರ್ ಇರುತ್ತದೆ, ಅದು ಹೊಟ್ಟು ಕಟ್ಟಿರುತ್ತದೆ. ಬಿಸಿ ಎಂಜಿನ್ ಹತ್ತಿರ ಪೆಟ್ರೋಲ್ ಚೆಲ್ಲದ ಹಾಗೆ ನೋಡಿಕೊಳ್ಳಿ. ಮುಚ್ಚಳ ತೆಗೆದರೂ ವ್ಯತ್ಯಾಸ ಆಗದಿದ್ದರೆ ಬಿಸಿಗೆ ಕೈ ಕೊಡುವ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡುವುದು) ಮೇಲೆ ಅನುಮಾನ.

ಎಷ್ಟು ಟ್ಯೂನ್ ಮಾಡಿದ್ರೂ ಸ್ಲೋ ಒಂದೇ ಕಡೆ ನಿಲ್ಲಲ್ಲ. ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ.

ಎಲ್ಲೋ ಕಳ್ಳ ಗಾಳಿ ಸೇರುತ್ತಿದೆ. ರೇಸ್ ಬಿಟ್ಟ ಮೇಲೂ ಸ್ಪೀಡ್ ತಕ್ಷಣ ಇಳಿಯದೆ ಮೇಲೇ ತೂಗಾಡುತ್ತಿದ್ದರೆ ಅನುಮಾನವೇ ಬೇಡ. ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವೆ ಇರುವ ರಬ್ಬರ್ ಬೂಟ್ ಬಿಚ್ಚಿ, ಬೆರಳಲ್ಲಿ ಬಗ್ಗಿಸಿ ಬಿರುಕು ಹುಡುಕಿ. ಸುಮ್ನೆ ನೋಡಿದರೆ ಕಾಣುವುದಿಲ್ಲ, ಬಗ್ಗಿಸಿದಾಗಲೇ ಬಾಯಿ ಬಿಡುತ್ತದೆ. ಅಲ್ಲೇ ಇರುವ ಸಣ್ಣ ಇಂಪಲ್ಸ್ ಪೈಪ್ (ಎಂಜಿನ್‌ನ ಒತ್ತಡವನ್ನು ಕಾರ್ಬೊರೇಟರಿನ ಪಂಪಿಗೆ ಮುಟ್ಟಿಸುವುದು) ಕೂಡ ನೋಡಿ.

ಅದೂ ಸರಿ ಇದ್ದರೆ ಮಿಷನ್ ಸ್ಲೋನಲ್ಲಿ ಓಡುವಾಗ ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ವಾಲಿಸಿ. ಒಂದು ಕಡೆ ವಾಲಿಸಿದಾಗ ಮಾತ್ರ ಸ್ಪೀಡ್ ಬದಲಾದರೆ ಕ್ರ್ಯಾಂಕಿನ ಆಯಿಲ್ ಸೀಲ್ ಅಥವಾ ಬೇರಿಂಗ್ ಸವೆದಿರಬಹುದು. ಅದಕ್ಕೆ ಎಂಜಿನ್‌ಗೆ ಗಾಳಿ ಒತ್ತಿ, ಎಳೆದು ಪರೀಕ್ಷೆ ಮಾಡುವ ಮೆಕ್ಯಾನಿಕ್ ಹತ್ತಿರವೇ ಹೋಗಬೇಕು. ಇಂಥ ಮಿಷನ್‌ಗೆ ಎಲ್ ಬಿಚ್ಚಿ ಸ್ಲೋ ನಿಲ್ಲಿಸಿ ಕೆಲಸಕ್ಕೆ ಇಳಿಸುವವರಿದ್ದಾರೆ. ಕಳ್ಳ ಗಾಳಿ ಹಾಗೇ ಇರುತ್ತದೆ, ಫುಲ್ ರೇಸ್‌ನಲ್ಲಿ ಪಿಸ್ಟನ್ ಸುಡುತ್ತದೆ.

ಡಯಾಫ್ರಮ್ ಕಿಟ್ ನಾನೇ ಹಾಕ್ಕೊಳ್ಳಬಹುದಾ?

ಹಾಕಿಕೊಳ್ಳಬಹುದು. ಕಾರ್ಬೊರೇಟರ್ ಮೈಮೇಲೆ ವಾಲ್‌ಬ್ರೋ, ಜಾಮಾ ಅಂತ ಹೆಸರೂ ನಂಬರೂ ಇರುತ್ತದೆ. ಆ ನಂಬರಿಗೆ ಸರಿಯಾದ ಕಿಟ್ ತನ್ನಿ. ಬಿಳಿ ಬಟ್ಟೆ ಹಾಸಿ ಅದರ ಮೇಲೆ ಬಿಚ್ಚಿ, ಪ್ರತಿ ಪದರಕ್ಕೂ ಮೊಬೈಲಲ್ಲಿ ಫೋಟೋ ತೆಗೆಯಿರಿ. ಪದರಗಳ ಕ್ರಮ ತಪ್ಪಿದರೆ ಮಿಷನ್ ಓಡುವುದಿಲ್ಲ. ಸೂಜಿ ಇರುವ ಕಡೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಡಯಾಫ್ರಮ್. ಹಳೆಯ ಡಯಾಫ್ರಮ್ ಕಿವಿ ಹತ್ತಿರ ಹಿಡಿದು ಬಗ್ಗಿಸಿ. ಚರಪರ ಸದ್ದು ಬಂದರೆ ಗಟ್ಟಿಯಾಗಿತ್ತು ಅಂತ ಲೆಕ್ಕ. ಸೂಜಿ ಎತ್ತುವ ಪುಟ್ಟ ಸನ್ನೆಯನ್ನು ಬಗ್ಗಿಸಬೇಡಿ, ಅದರ ಎತ್ತರ ಕೂದಲೆಳೆ ತಪ್ಪಿದರೂ ಪೆಟ್ರೋಲ್ ಲೆಕ್ಕ ಪೂರ್ತಿ ತಪ್ಪುತ್ತದೆ. ಒಳಗಿನ ತೂತುಗಳಿಗೆ ತಂತಿ ತೂರಿಸಬೇಡಿ. ಕಾರ್ಬೊರೇಟರ್ ಸ್ಪ್ರೇ ಸಾಕು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ಎಚ್ ಎಷ್ಟು ಬಿಗಿ ಮಾಡಿದ್ರೂ ಗುರುಗುರು ಹೋಗ್ತಾನೇ ಇಲ್ಲ. ಇನ್ನೂ ಬಿಗಿ ಮಾಡ್ಲಾ?

ನಿಲ್ಲಿಸಿ. ಕೆಲವು ಮಿಷನ್‌ಗಳ ಕಾಯಿಲ್‌ನಲ್ಲಿ ಸ್ಪೀಡ್ ಮಿತಿ ಇರುತ್ತದೆ. ಮಿತಿ ಮುಟ್ಟಿದ ಕೂಡಲೇ ಅದು ಕಿಡಿ ತಡೆಯುತ್ತದೆ, ಆ ಸದ್ದೂ ಗುರುಗುರು ಥರವೇ ಕೇಳುತ್ತದೆ. ಪೆಟ್ರೋಲ್ ಜಾಸ್ತಿ ಅಂದುಕೊಂಡು ಬಿಗಿ ಮಾಡುತ್ತೀರಿ, ಒಳಗೆ ನಿಜಕ್ಕೂ ಪೆಟ್ರೋಲ್ ಕಮ್ಮಿ ಆಗಿರುತ್ತದೆ. ಗಮನ ಕೊಟ್ಟು ಕೇಳಿದರೆ ಇದು ಒರಟಾಗಿ, ತುಂಡು ತುಂಡಾಗಿ ಕೇಳುತ್ತದೆ. ಪೆಟ್ರೋಲಿನ ಗುರುಗುರು ಮೆತ್ತಗೆ. ಇಂಥ ಮಿಷನ್‌ಗೆ ಎಚ್ ಮತ್ತೆ ಎಡಕ್ಕೆ, ಪೆಟ್ರೋಲ್ ಜಾಸ್ತಿ ಇರುವ ಕಡೆಗೆ ತಂದು, ಮಿತಿಗಿಂತ ಕೆಳಗಿನ ಸ್ಪೀಡಲ್ಲಿ ಮೆತ್ತನೆ ಗುರುಗುರು ಕೇಳಿಕೊಂಡು ಮೇಲೆ ಬನ್ನಿ, ಮರದಲ್ಲಿ ಇಟ್ಟೇ ಕೊನೆಯ ತೀರ್ಮಾನ ಮಾಡಿ. ಮೀಟರ್ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ.

ಪಿಸ್ಟನ್, ಪ್ಲಗ್ ನೋಡಿ ಟ್ಯೂನಿಂಗ್ ಸರಿ ಇದೆಯಾ ಹೇಳ್ಬಹುದಾ?

ಹೇಳಬಹುದು. ಫುಲ್ ರೇಸ್‌ನಲ್ಲಿ ಕೊಯ್ಯುತ್ತಿರುವಾಗಲೇ ಆಫ್ ಮಾಡಿ, ತಣಿದ ಮೇಲೆ ಪ್ಲಗ್ ಬಿಚ್ಚಿ. ಕಾಫಿ ಪುಡಿಯ ಕಂದು ಬಣ್ಣ ಇದ್ದರೆ ಸರಿ. ಬೂದಿ ಬಿಳಿ ಇದ್ದರೆ ಪೆಟ್ರೋಲ್ ಕಮ್ಮಿ. ಕಪ್ಪಗೆ ಒದ್ದೆ ಇದ್ದರೆ ಜಾಸ್ತಿ. ಸ್ಲೋನಲ್ಲಿ ಓಡಿಸಿ ಆಫ್ ಮಾಡಿದ ಪ್ಲಗ್ ನೋಡಿ ಎಚ್ ಬಗ್ಗೆ ಏನೂ ಹೇಳಲು ಆಗುವುದಿಲ್ಲ.

ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟರೆ ಪಿಸ್ಟನ್ ಪಕ್ಕ ಕಾಣುತ್ತದೆ. ನಯವಾಗಿ, ಹೊಳಪಾಗಿ ಇರಬೇಕು. ಹೊಗೆ ಹೋಗುವ ಕಡೆ ಮಾತ್ರ ಉದ್ದ ಗೀರು ಇದ್ದರೆ ಬಿಸಿ ಜಾಸ್ತಿಯಾಗಿದೆ, ಹೆಚ್ಚಾಗಿ ಪೆಟ್ರೋಲ್ ಕಮ್ಮಿಯಿಂದಲೇ. ಸುತ್ತಲೂ ಗೀರು ಇದ್ದರೆ ಆಯಿಲ್ ಹಾಕದ ಪೆಟ್ರೋಲ್ ಹೋಗಿರಬಹುದು. ಹಳೆಯ ಮಿಷನ್ ಕೊಳ್ಳುವಾಗ ಮಾರುವವರ ಒಪ್ಪಿಗೆ ಕೇಳಿ ಇದೊಂದನ್ನು ನೋಡಿಯೇ ದುಡ್ಡು ಕೊಡಿ.

ಕಳೆ ಹೊಡೆಯೋ ಮಿಷನ್‌ಗೂ ಇದೇ ಲೆಕ್ಕನಾ?

ಟೂ ಸ್ಟ್ರೋಕ್ ಆದರೆ ಹೌದು. ಬ್ಲೇಡ್ ಅಥವಾ ದಾರ ಹಾಕಿಯೇ ಟ್ಯೂನ್ ಮಾಡಿ. ದಾರ ಆದರೆ ಪೂರ್ತಿ ಉದ್ದ ಇರಲಿ. ಗಿಡ್ಡ ದಾರದಲ್ಲಿ ಭಾರ ಕಮ್ಮಿಯಾಗಿ ಸ್ಪೀಡ್ ತಪ್ಪು ತೋರಿಸುತ್ತದೆ. ಫೋರ್ ಸ್ಟ್ರೋಕ್ ಮಿಷನ್‌ಗೆ ಈ ಗುರುಗುರು ಲೆಕ್ಕ ನಡೆಯುವುದಿಲ್ಲ, ಅದರ ಆಯಿಲ್ ಬೇರೆ, ಸದ್ದೂ ಬೇರೆ.